ಗಿಟಾರಿನ ಕೊರಳು ಬಾಗುವುದೇಕೆ?

ಕಳೆದ ವರ್ಷ ಬೇಸಗೆಯ ರಜೆ ಮುಗಿದು ಕಾಲೇಜು ತೆರೆದ ವಾರದಲ್ಲಿಯೇ, ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಗಿಟಾರನ್ನು ಹೊತ್ತುಕೊಂಡು ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಗೆ ಬಂದನು. ಒಂದು ವರ್ಷದ ಕಾಲ ಬೆಳಗಿನ ಜಾವದಲ್ಲೆದ್ದು ಮನೆಮನೆಗೆ ಪತ್ರಿಕೆ ಹಂಚಿ ಕೂಡಿಟ್ಟ ಹಣದಿಂದ ಅದನ್ನು ಅವನು ಕೊಂಡಿದ್ದನು. ರಜೆಗೆ ಊರಿಗೆ ಹೋಗುವಾಗ, ಶ್ರುತಿ ಮಾಡಿದ್ದ ವಾದ್ಯವನ್ನು ಹಾಗೆಯೇ ಬಾಡಿಗೆ ಕೋಣೆಯ ಅಟ್ಟದ ಮೇಲೆ, ಹೆಂಚಿನ ಕೆಳಗೆ, ಇರಿಸಿ ಹೋಗಿದ್ದನಂತೆ. ಏಪ್ರಿಲ್ ಮೇ ತಿಂಗಳ ಬಿಸಿಲೂ ಜೂನಿನ ಮಳೆಯೂ ಕಳೆದ ಮೇಲೆ ಬಂದು ತೆಗೆದು ನೋಡಿದರೆ ತಂತಿಗಳು ಹಲಗೆಯಿಂದ ಬಹಳ ಮೇಲೆ ನಿಂತಿವೆ. ಒತ್ತಿದರೆ ಬೆರಳು ನೋಯುತ್ತದೆ. ಹೊರಡುವ ಸ್ವರವೂ ಇರಬೇಕಾದುದಕ್ಕಿಂತ ಏರಿಹೋಗುತ್ತದೆ. ಅಂಗಡಿಯವನು ಒಮ್ಮೆ ಕಣ್ಣಿಟ್ಟು ನೋಡಿ, “ಕತ್ತು ಹೋಗಿದೆ, ಇದು ಇನ್ನು ಬಾರದು, ಹೊಸದನ್ನು ಕೊಳ್ಳಿ” ಎಂದು ಹೇಳಿ ಕಳುಹಿಸಿಬಿಟ್ಟನಂತೆ.

“ಸಾರ್, ಮರ ಗಟ್ಟಿಯಾಗಿಯೇ ಇದೆ. ಎಲ್ಲಿಯೂ ಬಿರುಕಿಲ್ಲ. ಆದರೂ ಹೇಗೆ ಬಾಗಿತು?” ಎಂದು ಹುಡುಗನು ಕೇಳಿದನು.

ಪ್ರಶ್ನೆ ಚೆನ್ನಾಗಿಯೇ ಇತ್ತು. ಗಟ್ಟಿತನ ಬೇರೆ, ಕೊಟ್ಟ ಆಕಾರವನ್ನು ವರ್ಷಾನುವರ್ಷ ಉಳಿಸಿಕೊಳ್ಳುವ ಗುಣ ಬೇರೆ. ಮೊದಲನೆಯದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟು ಸೂತ್ರಗಳಿವೆ. ಎರಡನೆಯದನ್ನು ಕುರಿತು ಅವು ಬಹುಮಟ್ಟಿಗೆ ಮೌನವಾಗಿವೆ. ಗಿಟಾರನ್ನು ಕಟ್ಟುವವರಿಗಾದರೋ ಈ ಎರಡನೆಯ ಗುಣವೇ ಬಾಳಿನ ಪ್ರಶ್ನೆ.

ನಾವು ಮೊದಲು ಮಾಡಿದ ಕೆಲಸವೆಂದರೆ ಅಳೆದು ನೋಡಿದುದು. ಉಕ್ಕಿನ ಅಳತೆಪಟ್ಟಿಯೊಂದರ ನೇರವಾದ ಅಂಚನ್ನು ಗಿಟಾರಿನ ಮೆಟ್ಟಿಲುಗಳ ಮೇಲೆ ಉದ್ದಕ್ಕೆ ನಿಲ್ಲಿಸಿದೆವು. ಪಟ್ಟಿಯ ಎರಡು ತುದಿಗಳು ಮೆಟ್ಟಿಲುಗಳನ್ನು ಮುಟ್ಟಿದ್ದುವು. ನಡುವೆ, ಏಳನೆಯ ಮೆಟ್ಟಿಲಿನ ಬಳಿ, ಬೆಳಕು ಕಾಣುತ್ತಿತ್ತು. ಆ ಸಂದಿನಲ್ಲಿ ಗಟ್ಟಿ ಕಾಗದದ ಹೆಸರು ಚೀಟಿಗಳನ್ನು ಒಂದೊಂದಾಗಿ ತೂರಿಸಿದೆವು. ನಾಲ್ಕು ಚೀಟಿಗಳು ಹಿಡಿದುವು. ಸ್ಕ್ರೂ ಗೇಜಿನಲ್ಲಿ ಅಳೆದಾಗ ಒಂದು ಚೀಟಿಯ ದಪ್ಪ ೦.೩ ಮಿಲಿಮೀಟರು. ಅಂದರೆ ಕೊರಳು ನಡುವಿನಲ್ಲಿ ಸುಮಾರು ೧.೨ ಮಿಲಿಮೀಟರಿನಷ್ಟು ಹಳ್ಳವಾಗಿದ್ದಿತು. ಹುಡುಗನ ಒಂದು ವರ್ಷದ ದುಡಿಮೆಯನ್ನು ಮೂಲೆಗೆ ಹಾಕುವಂತೆ ಮಾಡಿದ್ದುದು ಇಷ್ಟೇ.

ತಂತಿಗಳು ಎಳೆಯುವ ಭಾರ

ಗಿಟಾರಿನ ಕೊರಳಿನ ಮೇಲೆ ಎಷ್ಟು ಬಲ ಬೀಳುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. ಎಳೆದು ಕಟ್ಟಿದ ತಂತಿಯ ಕಂಪನಕ್ಕೂ ಅದರ ಉದ್ದ, ತೂಕ ಮತ್ತು ಎಳೆತಗಳಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ಪಾದ್ರಿ ಮಾರಾಂ ಮೆರ್ಸೆನ್ನನು ೧೬೩೬ರಲ್ಲಿಯೇ ಪ್ರಕಟಿಸಿದನು. ಸೋನೋಮೀಟರಿನ ಪ್ರಯೋಗ ಮಾಡಿದ ವಿದ್ಯಾರ್ಥಿಗಳೆಲ್ಲರಿಗೂ ಅದು ಪರಿಚಿತ. ತಂತಿಯ ಉದ್ದವನ್ನು ಇಮ್ಮಡಿಸಿ ಕಂಪನ ಸಂಖ್ಯೆಯಿಂದ ಗುಣಿಸಿ, ಬಂದುದನ್ನು ವರ್ಗ ಮಾಡಿ, ಒಂದು ಮೀಟರು ತಂತಿಯ ದ್ರವ್ಯರಾಶಿಯಿಂದ ಗುಣಿಸಿದರೆ ಎಳೆತವು ದೊರೆಯುತ್ತದೆ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ಅತ್ಯಂತ ತೆಳುವಾದ ತಂತಿಯ ವ್ಯಾಸವು ಸಾಮಾನ್ಯವಾಗಿ ೦.೩ ಮಿ.ಮೀ.; ಉದ್ದ ಸುಮಾರು ೬೪.೫ ಸೆಂ.ಮೀ.; ಕಂಪನ ಸಂಖ್ಯೆ ಸೆಕೆಂಡಿಗೆ ೩೩೦. ಲೆಕ್ಕ ಮಾಡಿದರೆ ಎಳೆತವು ಹತ್ತೂವರೆ ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಅದೊಂದೇ ತಂತಿಯ ಎಳೆತವಿದು. ಆರನ್ನೂ ಕೂಡಿಸಿದರೆ ಸುಮಾರು ೭೦ ಕಿಲೋಗ್ರಾಂ, ಎಂದರೆ ಮೈತುಂಬಿದ ಒಬ್ಬ ಆಳಿನ ತೂಕ. ವಾದ್ಯವನ್ನು ಗೋಡೆಗೆ ಒರಗಿಸಿ ನಾವು ನಿದ್ರೆಮಾಡುವಾಗಲೂ ಆ ಆಳು ಕೊರಳಿಗೆ ಜೋತುಬಿದ್ದೇ ಇರುತ್ತಾನೆ. ನೈಲಾನ್ ತಂತಿಗಳ ಸ್ಪ್ಯಾನಿಷ್ ಗಿಟಾರಿನಲ್ಲಿ ಈ ಭಾರವು ಸುಮಾರು ೪೦ ಕಿಲೋಗ್ರಾಂ ಮಾತ್ರ.

ಈ ಎಳೆತವು ಕೊರಳಿನ ನಟ್ಟನಡುವೆ ಹಾದುಹೋಗಿದ್ದರೆ ಅದನ್ನು ಉದ್ದಕ್ಕೆ ಒತ್ತುತ್ತಿತ್ತೇ ಹೊರತು ಬಾಗಿಸುತ್ತಿರಲಿಲ್ಲ. ಆದರೆ ತಂತಿಗಳಿರುವುದು ಕೊರಳಿನ ಹೊರಗೆ, ಮುಖದ ಮೇಲೆ. ಬಾಗುವ ಯಾವ ತೊಲೆಯಲ್ಲಿಯೂ ಹಿಗ್ಗದೆ ಕುಗ್ಗದೆ ಉಳಿಯುವ ಒಂದು ತಟಸ್ಥ ಪದರವಿರುತ್ತದೆಯಷ್ಟೆ. ಗಿಟಾರಿನ ಕೊರಳು ಮುಂದುಗಡೆ ಚಪ್ಪಟೆಯಾಗಿಯೂ ಹಿಂದುಗಡೆ ಕಮಾನಿನಂತೆ ದುಂಡಾಗಿಯೂ ಇರುವುದರಿಂದ ಈ ಪದರವು ಮುಖದಿಂದ ಸುಮಾರು ೯ ಮಿ.ಮೀ. ಒಳಗಿರುತ್ತದೆ, ತಂತಿಗಳೋ ಮುಖದಿಂದ ಎರಡು ಮೂರು ಮಿ.ಮೀ. ಹೊರಗಿರುತ್ತವೆ. ಹೀಗೆ ೭೦ ಕಿಲೋಗ್ರಾಂ ಭಾರವು ೧೧ ಮಿ.ಮೀ. ಉದ್ದದ ಸನ್ನೆಯ ತುದಿಯಲ್ಲಿ ದುಡಿದು, ಕೊರಳನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಲು ಯತ್ನಿಸುತ್ತದೆ.

ಕೊರಳಿನ ಅಗಲ ೪೮ ಮಿ.ಮೀ., ದಪ್ಪ ೨೧ ಮಿ.ಮೀ., ದೇಹಕ್ಕೆ ಸೇರುವವರೆಗಿನ ಉದ್ದ ೩೬ ಸೆಂ.ಮೀ. ಎಂದಿಟ್ಟುಕೊಂಡು ನಾನೂ ಆ ಹುಡುಗನೂ ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆವು. ಮರದಲ್ಲಿ ಹುಟ್ಟುವ ಗರಿಷ್ಠ ಪೀಡನವು ಪ್ರತಿ ಚದರ ಮಿಲಿಮೀಟರಿಗೆ ಸುಮಾರು ೪ ನ್ಯೂಟನ್. ಒಳ್ಳೆಯ ಮೇಪಲ್ ಮರವು ಬಾಗಿ ಮುರಿಯಬೇಕಾದರೆ ೧೦೦ಕ್ಕೂ ಮೀರಿದ ಪೀಡನ ಬೇಕು. ಎಂದರೆ ಕೊರಳು ತನ್ನ ಬಲದ ಇಪ್ಪತ್ತೈದರಲ್ಲಿ ಒಂದು ಪಾಲನ್ನು ಮಾತ್ರ ಬಳಸುತ್ತಿದೆ. ಮುರಿಯುವ ಭಯವೇ ಇಲ್ಲ. ಮರವು ಕೇವಲ ಸ್ಥಿತಿಸ್ಥಾಪಕ ವಸ್ತುವಾಗಿದ್ದರೆ ಕೊರಳು ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಬಾಗಬೇಕಾಗಿತ್ತು. ನಾವು ಕಂಡುದು ಅದಕ್ಕೆ ಎರಡು ಪಟ್ಟಿಗೂ ಹೆಚ್ಚು. ಉಳಿದುದು ಎಲ್ಲಿಂದ ಬಂತು?

ಅದಕ್ಕೆ ಮೊದಲು ಒಂದು ಮಾತು. ಅರ್ಧ ಮಿಲಿಮೀಟರಿಗೆ ಇಷ್ಟು ಗೋಳೇಕೆ ಎಂದು ವಾಚಕರು ಕೇಳಬಹುದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯಿರುವ ಎತ್ತರವೇ ಸುಮಾರು ೨ ಮಿ.ಮೀ. ಮಾತ್ರ. ಅದು ೩ ಆದರೆ ತಂತಿಯನ್ನು ಒತ್ತಲು ಹೆಚ್ಚು ಬಲ ಬೇಕು. ಮೇಲಾಗಿ, ಒತ್ತುವಾಗ ತಂತಿಯು ಹೆಚ್ಚಾಗಿ ಹಿಗ್ಗಿ ಅದರ ಎಳೆತವೂ ಸ್ವರವೂ ಏರುತ್ತವೆ. ಹಾಗೆಂದು ಕೊರಳು ಪೂರಾ ನೇರವಾಗಿರುವುದೂ ಸರಿಯಲ್ಲ. ಮೀಟಿದ ತಂತಿಯು ನಡುವಿನಲ್ಲಿ ಅಗಲವಾಗಿ ಅಲುಗುವುದರಿಂದ ಅದಕ್ಕೆ ಅವಕಾಶ ಕೊಡಲು ಕಾಲು ಮಿಲಿಮೀಟರಿನಷ್ಟು ಹಳ್ಳ ಇರಲೇಬೇಕು. ಇಲ್ಲವಾದರೆ ತಂತಿಯು ಮೆಟ್ಟಿಲುಗಳಿಗೆ ತಾಗಿ ಝರ್ ಎಂದು ಸದ್ದುಮಾಡುತ್ತದೆ. ಒಂದು ಚೀಟಿಯ ದಪ್ಪದ ಹಳ್ಳ ಬೇಕು, ಮೂರು ಚೀಟಿಗಳ ದಪ್ಪ ಕೂಡದು. ಇದನ್ನು ಹತ್ತಾರು ವರ್ಷ ಹೀಗೆಯೇ ಕಾಯಬೇಕು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ, ದಂಡಿಯು ಕಾಲಕ್ರಮದಲ್ಲಿ ಕೊಂಚ ಸರಿದರೂ ಮೇಣವನ್ನು ಮೃದುಮಾಡಿ ಮೆಟ್ಟಿಲುಗಳನ್ನು ಹೊಸದಾಗಿ ಮಟ್ಟಮಾಡಬಹುದು. ಎಷ್ಟು ಸೊಗಸಾದ ಉಪಾಯ! ಗಿಟಾರಿನ ಮೆಟ್ಟಿಲುಗಳಾದರೋ ಮರದ ಸೀಳುಗಳಲ್ಲಿ ಬಡಿದು ಕೂರಿಸಿದುವು. ಅಲ್ಲಿ ಮರವು ಸರಿದರೆ ಮೆಟ್ಟಿಲೂ ಸರಿಯಿತೆಂದೇ ಅರ್ಥ.

ನೀರು ಕುಡಿಯುವ ಮರ

ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನೂ ಬೇಸಗೆಯಲ್ಲಿ ಸಡಿಲವಾಗುವುದನ್ನೂ ಎಲ್ಲರೂ ಕಂಡಿದ್ದೇವೆ. ಕಡಿದು ಎಷ್ಟು ವರ್ಷವಾದರೂ ಮರವು ಗಾಳಿಯ ತೇವದೊಡನೆ ಕೊಳುಕೊಡೆ ನಡೆಸುವುದನ್ನು ನಿಲ್ಲಿಸುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ ೪೦ ಇರುವ ಒಣಹವೆಯಲ್ಲಿ ಮರದ ತೇವವು ಅದರ ಒಣತೂಕದ ನೂರಕ್ಕೆ ೭ ಅಥವಾ ೮ ಆಗಿ ನಿಲ್ಲುತ್ತದೆ. ಆರ್ದ್ರತೆಯು ೮೫ಕ್ಕೆ ಏರಿದರೆ ತೇವವು ೧೭ರ ಸಮೀಪಕ್ಕೆ ಹೋಗುತ್ತದೆ. ಈ ನೀರು ಮರದ ಕೋಶಗಳ ಟೊಳ್ಳಿನಲ್ಲಿ ನಿಲ್ಲದೆ ಅವುಗಳ ಗೋಡೆಯೊಳಗೆ, ಸೆಲ್ಯುಲೋಸ್ ಎಳೆಗಳ ನಡುವೆ, ಸೇರಿಕೊಂಡು ಅವನ್ನು ಅತ್ತಿತ್ತ ಸರಿಸುತ್ತದೆ. ಎಳೆಗಳು ಬಹುಮಟ್ಟಿಗೆ ಮರದ ಉದ್ದಕ್ಕೇ ಹಾಸಿರುವುದರಿಂದ ಮರವು ಅಡ್ಡಲಾಗಿ ಹೆಚ್ಚಾಗಿಯೂ ಉದ್ದಕ್ಕೆ ಅತ್ಯಲ್ಪವಾಗಿಯೂ ಉಬ್ಬುತ್ತದೆ.

ಅಡ್ಡಲಾಗಿ ಉಬ್ಬುವುದರಲ್ಲಿಯೂ ಎರಡು ಬಗೆ. ದಿಮ್ಮಿಯ ತುದಿಯಲ್ಲಿ ಕಾಣುವ ವಾರ್ಷಿಕ ಬಳೆಗಳನ್ನು ನೆನೆಯಿರಿ. ಹಸಿ ಮೇಪಲ್ ಮರವನ್ನು ಪೂರ್ತಿಯಾಗಿ ಒಣಗಿಸಿದರೆ ಬಳೆಗಳ ಗುಂಟ ನೂರಕ್ಕೆ ಸುಮಾರು ೧೦ ಭಾಗವೂ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಸುಮಾರು ೫ ಭಾಗವೂ ಕುಗ್ಗುತ್ತದೆ. ಮಧ್ಯ ಅಮೆರಿಕದ ಮಹಾಗನಿಯಲ್ಲಿ ಈ ಸಂಖ್ಯೆಗಳು ೪ ಮತ್ತು ೩ ಮಾತ್ರ. ಗಿಟಾರು ಕಟ್ಟುವವರು ಮಹಾಗನಿಯನ್ನು ಏಕೆ ಅಷ್ಟೊಂದು ಹುಡುಕಿಕೊಂಡು ಹೋದರೆಂಬುದಕ್ಕೆ ಇದೊಂದು ಕಾರಣ: ಅದು ಕುಗ್ಗುವುದೂ ಕಡಿಮೆ, ಎರಡು ದಿಕ್ಕಿನ ಕುಗ್ಗುವಿಕೆಯಲ್ಲಿ ವ್ಯತ್ಯಾಸವೂ ಕಡಿಮೆ. ವ್ಯತ್ಯಾಸ ಹೆಚ್ಚಾದಲ್ಲಿ ಚೌಕವಾಗಿದ್ದ ತುಂಡು ವಜ್ರಾಕೃತಿಗೆ ತಿರುಗುತ್ತದೆ, ಚಪ್ಪಟೆ ಹಲಗೆಯು ದೋಣಿಯಂತಾಗುತ್ತದೆ.

ಉದ್ದಕ್ಕೆ ಆಗುವ ಕುಗ್ಗುವಿಕೆಯು ನೂರಕ್ಕೆ ೦.೧ ಅಥವಾ ೦.೨ ಮಾತ್ರ, ಅದನ್ನು ಲೆಕ್ಕಕ್ಕಿಡಬೇಕಿಲ್ಲವೆಂದು ತೋರಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಗಿಟಾರಿನ ಕೊರಳಿನ ಹಿಂಭಾಗಕ್ಕೆ ವಾರ್ನಿಷ್ ಬಳಿದಿರುತ್ತಾರೆ. ಮುಂದೆ ಅಂಟಿಸಿದ ಬೆರಳುಹಲಗೆಯನ್ನು ಅನೇಕ ವೇಳೆ ಬರಿದಾಗಿಯೇ ಬಿಟ್ಟಿರುತ್ತಾರೆ. ಹವೆ ಬದಲಾದಾಗ ಮುಂಭಾಗವು ಬೇಗನೆ ತೇವವನ್ನು ಹೀರುತ್ತದೆ ಅಥವಾ ಬಿಡುತ್ತದೆ. ಹಿಂಭಾಗವು ನಿಧಾನವಾಗಿ ಅನುಸರಿಸುತ್ತದೆ. ಮುಂದಿನ ಅರ್ಧದ ತೇವವು ಮಾತ್ರ ನೂರಕ್ಕೆ ೫ರಷ್ಟು ಬದಲಾಯಿತೆನ್ನೋಣ. ಆಗ ೩೬ ಸೆಂ.ಮೀ. ಉದ್ದದಲ್ಲಿ ಬರುವ ವ್ಯತ್ಯಾಸ ಕೇವಲ ೦.೧ ಮಿ.ಮೀ.; ಆದರೆ ಒಂದು ಅರ್ಧ ಹಿಗ್ಗಿ ಇನ್ನೊಂದು ಹಿಗ್ಗದಿರುವುದರಿಂದ ಇಡೀ ಕೊರಳು ಬಾಗಿ, ನಡುವಿನಲ್ಲಿ ಸುಮಾರು ೦.೩ ಮಿ.ಮೀ. ಸರಿಯುತ್ತದೆ. ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಕಾಯಿಸಿದಾಗ ಬಾಗುವ ಜೋಡಿಪಟ್ಟಿಯನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ಕಂಡಿದ್ದಾರೆ. ಗಿಟಾರಿನ ಕೊರಳು ಅಂತಹದೇ ಒಂದು ಜೋಡಿಪಟ್ಟಿ; ಅಲ್ಲಿ ಶಾಖವು ಮಾಡುವ ಕೆಲಸವನ್ನು ಇಲ್ಲಿ ತೇವವು ಮಾಡುತ್ತದೆ.

ಅಗಲದಲ್ಲಿ ಆಗುವ ಬದಲಾವಣೆಯನ್ನು ಬೆರಳಿನಿಂದಲೇ ಅರಿಯಬಹುದು. ಬೆರಳುಹಲಗೆಯು ಒಣಗಿ ಕಿರಿದಾದಾಗ ಲೋಹದ ಮೆಟ್ಟಿಲುಗಳು ಕಿರಿದಾಗುವುದಿಲ್ಲ. ಅವುಗಳ ತುದಿಗಳು ಎರಡು ಅಂಚುಗಳಲ್ಲಿ ಗರಗಸದ ಹಲ್ಲಿನಂತೆ ಹೊರಬಂದು ಅಂಗೈಯನ್ನು ಗೀರುತ್ತವೆ.

ತೆವಳಿಕೆ

ಇನ್ನು ನಮ್ಮ ಕಥೆಯ ಮುಖ್ಯ ಅಪರಾಧಿಯ ಕಡೆಗೆ ಬರೋಣ. ಪುಸ್ತಕಗಳನ್ನು ಹೇರಿದ ಬೀರುವಿನ ಹಲಗೆಯು ಮೊದಲ ದಿನ ನೇರವಾಗಿದ್ದು, ಐದು ವರ್ಷಗಳ ಮೇಲೆ ಜೋತುಬಿದ್ದಿರುವುದನ್ನು ನೋಡಿದ್ದೀರಲ್ಲವೆ? ಭಾರವೇನೂ ಹೆಚ್ಚಾಗಿಲ್ಲ, ಹೆಚ್ಚಿರುವುದು ಕಾಲ ಮಾತ್ರ. ಒಂದೇ ಸಮನಾದ ಭಾರದ ಕೆಳಗೆ ವಸ್ತುವು ಮೆಲ್ಲಮೆಲ್ಲನೆ ಸರಿಯುತ್ತ ಹೋಗುವ ಈ ಗುಣವನ್ನು ಇಂಗ್ಲಿಷಿನಲ್ಲಿ ಕ್ರೀಪ್ ಎನ್ನುತ್ತಾರೆ; ನಾವು ತೆವಳಿಕೆ ಎನ್ನೋಣ. ಮರದ ತೊಲೆಗಳನ್ನು ಬಳಸುವ ಎಂಜಿನಿಯರರು, ದೀರ್ಘಕಾಲದ ಭಾರದಲ್ಲಿ ತೊಲೆಯ ಬಾಗು ಮೊದಲ ದಿನದ ಬಾಗಿನ ಒಂದೂವರೆಯಿಂದ ಎರಡು ಪಟ್ಟು ಆಗಬಹುದೆಂದು ಮೊದಲೇ ಲೆಕ್ಕ ಹಿಡಿದಿರುತ್ತಾರೆ.

ಆದರೆ ಹುಡುಗನ ಗಿಟಾರು ವರ್ಷಗಟ್ಟಲೆ ಕಾದಿರಲಿಲ್ಲ, ಮೂರೇ ತಿಂಗಳಲ್ಲಿ ಬಾಗಿತು. ಇದರ ಗುಟ್ಟು ೧೯೬೦ರಲ್ಲಿ ಆಸ್ಟ್ರೇಲಿಯದ ಆರ್ಮ್‌ಸ್ಟ್ರಾಂಗ್ ಮತ್ತು ಕಿಂಗ್‌ಸ್ಟನ್ ಎಂಬ ಇಬ್ಬರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿದೆ. ಭಾರ ಹೊತ್ತಿರುವಾಗಲೇ ಮರದ ತೇವವು ಬದಲಾದರೆ, ತೇವವು ಸ್ಥಿರವಾಗಿದ್ದಾಗ ಬಾಗುವುದಕ್ಕಿಂತ ಅದು ಬಹಳ ಹೆಚ್ಚಾಗಿ ಬಾಗುತ್ತದೆಂದು ಅವರು ತೋರಿಸಿಕೊಟ್ಟರು. ಸದಾ ಒದ್ದೆಯಾಗಿರುವ ಮರಕ್ಕೂ ಸದಾ ಒಣಗಿರುವ ಮರಕ್ಕೂ ಇಲ್ಲದ ಸಂಕಟವು ಒದ್ದೆಯಾಗುತ್ತ ಒಣಗುತ್ತ ಇರುವ ಮರಕ್ಕೆ ಉಂಟು! ಸೆಲ್ಯುಲೋಸಿನ ಎಳೆಗಳನ್ನು ಒಂದಕ್ಕೊಂದು ಹಿಡಿದಿರುವ ಹೈಡ್ರೋಜನ್ ಬಂಧಗಳನ್ನು ಬರುವ ನೀರೂ ಹೋಗುವ ನೀರೂ ಬಿಡಿಸಿ ಮತ್ತೆ ಕಟ್ಟುತ್ತವೆ. ಮೇಲೆ ಭಾರವಿದ್ದರೆ ಬಂಧಗಳು ಮೊದಲಿನ ಸ್ಥಾನಕ್ಕೆ ಬರದೆ ಭಾರ ತಳ್ಳಿದ ಕಡೆಗೆ ಕೊಂಚ ಸರಿದು ಕೂಡಿಕೊಳ್ಳುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹೆಂಚಿನ ಕೆಳಗಿನ ಅಟ್ಟದಲ್ಲಿ ಮೇ ತಿಂಗಳ ಕಾವಿಗೆ ಮರ ಒಣಗಿತು, ಜೂನಿನ ಮಳೆಗೆ ತೇವವನ್ನು ಹೀರಿತು. ಆ ಕಾಲವೆಲ್ಲ ೭೦ ಕಿಲೋಗ್ರಾಮಿನ ಆಳು ಅದರ ಕೊರಳಿಗೆ ಜೋತುಬಿದ್ದೇ ಇದ್ದನು. ಕಾವಿಗೆ ಮೃದುವಾಗುವ ಅಂಟೇನಾದರೂ ಬೆರಳುಹಲಗೆಯ ಕೆಳಗಿದ್ದರೆ ಅದೂ ತನ್ನ ಪಾಲನ್ನು ಸೇರಿಸಿರಬೇಕು.

ಕಬ್ಬಿಣದ ಸಹಾಯ

ಹಿಂದಿನ ಕಾಲದಲ್ಲಿ ಈ ತೊಂದರೆ ಇಷ್ಟು ಉಲ್ಬಣವಾಗಿರಲಿಲ್ಲ. ಇಂದಿನ ಸ್ಪ್ಯಾನಿಷ್ ಗಿಟಾರಿಗೆ ರೂಪ ಕೊಟ್ಟ ಅಂತೋನಿಯೋ ತೊರೆಸ್ (೧೮೧೭-೧೮೯೨) ತನ್ನ ವಾದ್ಯಗಳಿಗೆ ಕಟ್ಟಿದ್ದು ಪ್ರಾಣಿಗಳ ಕರುಳಿನ ತಂತಿಗಳನ್ನು. ಹಗುರವಾದ ಸೀಡರ್ ಮರದ ಕೊರಳು, ಅದರ ಮುಖಕ್ಕೆ ಕರಿಮರದ ಗಡುಸಾದ ಪಟ್ಟಿ, ಇಷ್ಟೇ ಸಾಕಾಗುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದಲ್ಲಿ ಹವಾಯಿ ದ್ವೀಪದ ಸಂಗೀತದ ಹುಚ್ಚು ಹಬ್ಬಿದಾಗ ಉಕ್ಕಿನ ತಂತಿಗೆ ಬೇಡಿಕೆ ಬಂದಿತು. ಹವಾಯಿಯ ಕ್ರಮದಲ್ಲಿ ತಂತಿಗಳನ್ನು ಎತ್ತರಿಸಿ, ಅವುಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವುದರಿಂದ, ಕೊರಳು ಬಾಗಿದರೂ ನುಡಿಸುವವನಿಗೆ ಗೊತ್ತೇ ಆಗದು. ಆದರೆ ಅದೇ ಉಕ್ಕಿನ ತಂತಿಯು ಸಾಮಾನ್ಯ ಗಿಟಾರಿಗೂ ಬಂದಾಗ, ಕೊರಳು ಹೊರಬೇಕಾದ ಭಾರವು ಬಹಳವಾಗಿ ಏರಿತು.

ಮಿಷಿಗನ್ ಸಂಸ್ಥಾನದ ಗಿಬ್ಸನ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಥಾಡಿಯಸ್ ಮೆಕ್‌ಹ್ಯೂ ಎಂಬಾತನು ೧೯೨೧ರಲ್ಲಿ ಒಂದು ಉಪಾಯಕ್ಕೆ ಪೇಟೆಂಟನ್ನು ಬೇಡಿದನು. ೧೯೨೩ರಲ್ಲಿ ಅದು ದೊರೆಯಿತು. ಕೊರಳಿನೊಳಗೆ ಉದ್ದಕ್ಕೆ ತೋಡಿದ ಕಾಲುವೆಯಲ್ಲಿ ಉಕ್ಕಿನ ಸರಳೊಂದನ್ನು ಹೂತು, ಒಂದು ತುದಿಯನ್ನು ಭದ್ರಪಡಿಸಿ, ಇನ್ನೊಂದು ತುದಿಗೆ ತಿರುಪನ್ನು ಕೊಯ್ದು ನಟ್ಟು ಹಾಕುವುದು, ಇದೇ ಟ್ರಸ್ ರಾಡ್. ನಟ್ಟನ್ನು ಬಿಗಿದರೆ ಸರಳು ಎಳೆತಕ್ಕೆ ಒಳಗಾಗಿ ಮರವನ್ನು ಒತ್ತುತ್ತದೆ. ಸರಳು ತಟಸ್ಥ ಪದರಕ್ಕಿಂತ ಹಿಂದೆ ಇರುವುದರಿಂದ ಅದರ ಒತ್ತಡವು ಕೊರಳಿನ ಹಿಂಭಾಗದ ಮೇಲೆ ಬೀಳುತ್ತದೆ. ಮುಂದಿನಿಂದ ತಂತಿಗಳು, ಹಿಂದಿನಿಂದ ಸರಳು. ಎರಡು ಎಳೆತಗಳ ನಡುವೆ ಕೊರಳು ತಕ್ಕಡಿಯ ಮುಳ್ಳಿನಂತೆ ನಿಲ್ಲುತ್ತದೆ. ಸರಳು ಕೊರಳನ್ನು ಬಲಪಡಿಸುತ್ತದೆಂದು ಹಲವರು ಭಾವಿಸುತ್ತಾರೆ. ಅದು ಅಷ್ಟಾಗಿ ಸರಿಯಲ್ಲ. ಬಲದ ಕೊರತೆ ಮೊದಲೇ ಇರಲಿಲ್ಲವೆಂದು ನೋಡಿದೆವಷ್ಟೆ. ಮರವು ಸರಿದಷ್ಟನ್ನು ಮನುಷ್ಯನು ಮತ್ತೆ ಸರಿಪಡಿಸಲು ಅದು ಒಂದು ಹಿಡಿಕೆಯನ್ನು ಕೊಟ್ಟಿತು. ಬಾಗುವುದನ್ನೇ ನಿಲ್ಲಿಸುವ ಹಟವನ್ನು ಬಿಟ್ಟು, ಬಾಗನ್ನು ತಿದ್ದುವ ದಾರಿಯನ್ನು ಹಿಡಿದುದರಲ್ಲಿ ಮೆಕ್‌ಹ್ಯೂನ ಜಾಣತನವಿದೆಯೆಂದು ನನಗೆ ತೋರುತ್ತದೆ.

ಎಲ್ಲರೂ ಒಡನೆಯೇ ಅದನ್ನು ಒಪ್ಪಿದರೆಂದಲ್ಲ. ೧೮೩೩ರಷ್ಟು ಹಿಂದೆ ಸ್ಥಾಪಿತವಾದ ಮಾರ್ಟಿನ್ ಸಂಸ್ಥೆಯು ಮೊದಲು ಕರಿಮರದ ಪಟ್ಟಿಯನ್ನೂ ೧೯೩೪ರಿಂದ ಟಿ ಆಕಾರದ ಉಕ್ಕಿನ ಪಟ್ಟಿಯನ್ನೂ ಕೊರಳಿನೊಳಗೆ ಹುದುಗಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆ ಅಭಾವ ಬಂದಾಗ ಮತ್ತೆ ಕರಿಮರಕ್ಕೆ ಮರಳಿತು. ತಿರುಗಿಸಬಲ್ಲ ಸರಳನ್ನು ಅದು ಅಳವಡಿಸಿಕೊಂಡುದು ೧೯೮೫ರಲ್ಲಿ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ ೧೯೫೦ರಲ್ಲಿ ವಿದ್ಯುತ್ ಗಿಟಾರುಗಳನ್ನು ತಯಾರಿಸತೊಡಗಿದಾಗ, ಗಡುಸಾದ ಮೇಪಲ್ ಮರಕ್ಕೆ ಸರಳಿನ ಅಗತ್ಯವೇ ಇಲ್ಲವೆಂದು ನಂಬಿದ್ದನು. ಸರಳಿಲ್ಲದ ಆ ಮೊದಲ ಕೊರಳುಗಳು ಬಾಗಿದುವು, ವಾದ್ಯಗಳು ಹಿಂದಕ್ಕೆ ಬಂದುವು. ಅದೇ ವರ್ಷದ ಕೊನೆಯ ಹೊತ್ತಿಗೆ ಅವನೂ ಸರಳನ್ನು ಹಾಕತೊಡಗಿದನು. ಕೊರಳೂ ಬೆರಳುಹಲಗೆಯೂ ಒಂದೇ ತುಂಡಾಗಿದ್ದುದರಿಂದ ಸರಳನ್ನು ಹಿಂದಿನಿಂದ ತೂರಿಸಿ, ಕಾಲುವೆಯನ್ನು ಕಪ್ಪುಛಾಯೆಯ ವಾಲ್‌ನಟ್ ಪಟ್ಟಿಯಿಂದ ಮುಚ್ಚಬೇಕಾಯಿತು. ಫೆಂಡರ್ ಗಿಟಾರುಗಳ ಬೆನ್ನಿನ ಮೇಲೆ ಇಂದಿಗೂ ಕಾಣುವ ಆ ಕಪ್ಪುಗೆರೆಯನ್ನು ಅಲಂಕಾರವೆಂದು ತಿಳಿಯುವವರುಂಟು!

ಕಟ್ಟುವವರ ತಾಳ್ಮೆ

ಸರಳಿದೆಯೆಂದು ಯಾವ ಮರವಾದರೂ ಆದೀತೆ? ಆಗದು. ಸರಳು ಕೊರಳಿನ ಬಾಗನ್ನು ತಿದ್ದಬಲ್ಲುದು, ತಿರುಚನ್ನು ತಿದ್ದಲಾರದು. ತಂತಿಯೊಂದರ ಕಡೆ ಹೆಚ್ಚಾಗಿ, ಇನ್ನೊಂದರ ಕಡೆ ಕಡಿಮೆಯಾಗಿ ತಿರುಚಿಕೊಂಡ ಕೊರಳಿಗೆ ಔಷಧವಿಲ್ಲ. ತಿರುಚು ಬರುವುದು ಬಹುಮಟ್ಟಿಗೆ ಎಳೆಗಳು ಓರೆಯಾಗಿರುವ ಮರದಿಂದ. ಆದುದರಿಂದ ಕೊರಳಿಗೆ ಆರಿಸುವ ತುಂಡಿನಲ್ಲಿ ಎಳೆಗಳು ತುದಿಯಿಂದ ತುದಿಗೆ ನೇರವಾಗಿ ಓಡಬೇಕು, ಗಂಟಿರಬಾರದು, ಮರದ ತಿರುಳಿನ ಬಳಿಯ ಎಳೆಯ ಭಾಗವಾಗಲಿ, ಓರೆಯಾಗಿ ಬೆಳೆದ ಕೊಂಬೆಯಾಗಲಿ ಕೂಡದು. ಬಳೆಗಳು ಬೆರಳುಹಲಗೆಗೆ ಲಂಬವಾಗಿ ನಿಲ್ಲುವಂತೆ ಕೊಯ್ದ ತುಂಡೇ ಶ್ರೇಷ್ಠವೆಂಬ ವಾದ ಹಳೆಯದು. ಹಾಗೆ ಕೊಯ್ದರೆ ಕೊರಳಿನ ಅಗಲದಲ್ಲಿ ಆಗುವ ಹಿಗ್ಗುಕುಗ್ಗು ಕಡಿಮೆಯಾಗುತ್ತದೆಂಬುದು ನಿಜ. ಆದರೆ ಬಳೆಗಳು ಮಲಗಿರುವಂತೆ ಕೊಯ್ದ ಮೇಪಲ್ ಕೊರಳುಗಳೂ ದಶಕಗಳ ಕಾಲ ನೇರವಾಗಿ ನಿಂತಿವೆ. ಬಳೆಗಳ ನಿಲುವಿಗಿಂತ ಎಳೆಗಳ ನೇರವೇ ದೊಡ್ಡದೆಂದು ನನ್ನ ಅಭಿಪ್ರಾಯ. ಮೂರು ಅಥವಾ ಐದು ಪಟ್ಟಿಗಳನ್ನು ಅಂಟಿಸಿ ಒಂದು ಕೊರಳನ್ನು ಮಾಡುವುದೂ ಉಂಟು. ಒಂದೇ ಹಲಗೆಯನ್ನು ಸೀಳಿ, ಒಂದು ಸೀಳನ್ನು ಮಗುಚಿ ಜೋಡಿಸಿದರೆ, ಒಂದು ಎಡಕ್ಕೆ ಬಾಗಲು ಹೊರಟಾಗ ಇನ್ನೊಂದು ಬಲಕ್ಕೆ ಹೊರಟು, ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ದಪ್ಪದ ಪ್ರಭಾವವಂತೂ ಅಪಾರ. ತೊಲೆಯ ಬಿಗುಪು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ೨೦ ಮಿ.ಮೀ. ಕೊರಳನ್ನು ೨೨ ಮಾಡಿದರೆ ಅದು ಮೂರರಲ್ಲೊಂದು ಪಾಲಿನಷ್ಟು ಹೆಚ್ಚು ಬಿಗುಪಾಗುತ್ತದೆ. ಹಿಡಿಯಲು ಹಿತವಾಗಲೆಂದು ಕೊರಳನ್ನು ತೆಳುವಾಗಿ ಕೆತ್ತುವವರು ತೆರುವ ಬೆಲೆ ಇದೇ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಒಳ್ಳೆಯ ಕೆಲಸಗಾರರು ಅನುಸರಿಸುವ ಇನ್ನೊಂದು ಪದ್ಧತಿ. ಅವರು ಒಣಗಿದ ಮರವನ್ನು ತಂದ ದಿನವೇ ಕೊರಳನ್ನು ಮುಗಿಸುವುದಿಲ್ಲ. ಗರಗಸದಲ್ಲಿ ಒರಟಾಗಿ, ಬೇಕಾದುದಕ್ಕಿಂತ ದಪ್ಪವಾಗಿ ಕೊಯ್ದು, ಕೆಲವು ವಾರಗಳ ಕಾಲ ಸುಮ್ಮನೆ ಇಟ್ಟುಬಿಡುತ್ತಾರೆ. ಮರವು ಬೆಳೆಯುವಾಗಲೂ ಒಣಗುವಾಗಲೂ ಅದರೊಳಗೆ ಪರಸ್ಪರ ಎಳೆದಾಡುವ ಬಲಗಳು ಸೆರೆಯಾಗಿರುತ್ತವೆ. ಒಂದು ಪದರವನ್ನು ಕೊಯ್ದು ತೆಗೆದೊಡನೆ ಆ ಸಮತೋಲ ಕೆಟ್ಟು ತುಂಡು ಬಾಗುತ್ತದೆ. ಬಾಗುವುದಿದ್ದರೆ ಈಗಲೇ ಬಾಗಲಿ ಎಂದು ಬಿಡುತ್ತಾರೆ. ಆಮೇಲೆ ಕೀಸುಳಿಯಿಂದ ಮತ್ತೆ ಮಟ್ಟಮಾಡಿ, ಮತ್ತೆ ಕಾದು, ಕೊನೆಗೆ ಬೆರಳುಹಲಗೆಯನ್ನು ಅಂಟಿಸುತ್ತಾರೆ. ಅಂಟಿನಲ್ಲಿರುವ ನೀರು ಕೂಡ ಮರವನ್ನು ಉಬ್ಬಿಸುವುದರಿಂದ ಅಂಟಿಸಿದ ಮೇಲೂ ಮತ್ತೆ ಕೆಲವು ದಿನ ಕಾಯುತ್ತಾರೆ. ಅತಿಯಾಗಿ ಬಾಗಿದ ತುಂಡುಗಳನ್ನು ಎತ್ತಿ ಒಲೆಗೆ ಹಾಕುತ್ತಾರೆ. ಅಗ್ಗದ ವಾದ್ಯದಲ್ಲಿ ಉಳಿತಾಯವಾಗಿರುವುದು ಅನೇಕ ವೇಳೆ ಮರವಲ್ಲ, ಈ ಕಾಯುವ ಕಾಲ.

ಬೆರಳುಹಲಗೆಯ ಮಾತು ಬಂದುದರಿಂದ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳಬೇಕು. ಕೊಡಗು ಮಲೆನಾಡುಗಳ ಬೀಟೆ ಮರವು ಜಗತ್ತಿನ ಗಿಟಾರುಗಳಲ್ಲಿ ಸೇರಿಹೋಗಿದೆ. ಬ್ರೆಜಿಲಿನ ರೋಸ್‌ವುಡ್ ದೊರೆಯುವುದು ಕಷ್ಟವಾದಾಗ ಮಾರ್ಟಿನ್ ಸಂಸ್ಥೆಯು ೧೯೬೯ರಲ್ಲಿ ಭಾರತದ ಬೀಟೆಗೆ ತಿರುಗಿತು. ಎಣ್ಣೆಯಂಶವುಳ್ಳ, ಸವೆತವನ್ನು ತಾಳುವ ಈ ಮರವು ಬಳೆಗಳ ಗುಂಟ ನೂರಕ್ಕೆ ಸುಮಾರು ೬ ಮಾತ್ರ ಕುಗ್ಗುತ್ತದೆ. ೨೦೧೭ರಲ್ಲಿ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ವಾದ್ಯ ತಯಾರಕರು ಕಂಗಾಲಾದರು. ಸಿದ್ಧವಾದ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆಯಿತು.

ಮರದ ಸಹವಾಸವೇ ಬೇಡವೆಂದವರೂ ಇದ್ದಾರೆ. ೧೯೭೦ರ ದಶಕದ ಉತ್ತರಾರ್ಧದಲ್ಲಿ, ವ್ಯೋಮಯಾನದ ಉದ್ಯಮದಲ್ಲಿ ಬಳಕೆಗೆ ಬಂದಿದ್ದ ಇಂಗಾಲದ ನಾರಿನಿಂದ ಕೆಲವರು ಇಡೀ ಕೊರಳನ್ನೇ ಎರಕ ಹೊಯ್ದರು. ಅದು ತೇವವನ್ನು ಅಷ್ಟಾಗಿ ಲಕ್ಷಿಸುವುದಿಲ್ಲ, ತೆವಳುವುದೂ ಇಲ್ಲವೆನ್ನಬಹುದು. ಆದರೂ ಬಹುಜನರ ಕೈಗೆ ಮರವೇ ಹಿತ. ಹೀಗಾಗಿ ಮರದ ಕೊರಳಿನೊಳಗೆ, ಟ್ರಸ್ ರಾಡಿನ ಎರಡು ಪಕ್ಕಗಳಲ್ಲಿ, ಇಂಗಾಲದ ನಾರಿನ ತೆಳುವಾದ ಕಂಬಿಗಳನ್ನು ಹುದುಗಿಸುವುದು ಈಚೆಗೆ ರೂಢಿಯಾಗಿದೆ. ಈ ಕಂಬಿಗಳ ಯಂಗ್ ಗುಣಾಂಕವು ಮರದ ಹತ್ತುಪಟ್ಟಿಗೂ ಹೆಚ್ಚು. ಭಾರದ ಒಂದು ಪಾಲನ್ನು ಇವು ಹೊತ್ತುಕೊಳ್ಳುವುದರಿಂದ ಮರದ ಮೇಲಿನ ಪೀಡನ ತಗ್ಗುತ್ತದೆ, ಪೀಡನ ತಗ್ಗಿದಂತೆ ತೆವಳಿಕೆಯೂ ತಗ್ಗುತ್ತದೆ.

ಹುಡುಗನ ಗಿಟಾರಿನಲ್ಲಿ ಕಂಬಿಗಳಿರಲಿಲ್ಲ. ಆದರೆ ತಲೆಯ ಕಡೆಯ ಚಿಕ್ಕ ಮುಚ್ಚಳವನ್ನು ಬಿಚ್ಚಿದಾಗ ಟ್ರಸ್ ರಾಡಿನ ನಟ್ಟು ಸಿಕ್ಕಿತು. ಅಲ್ಲಿ ಅಂತಹುದೊಂದಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲು ತಂತಿಗಳನ್ನು ಸಡಿಲಿಸಿ ಒಂದು ವಾರ ವಾದ್ಯವನ್ನು ಪ್ರಯೋಗಶಾಲೆಯ ಕಪಾಟಿನಲ್ಲಿ ಮಲಗಿಸಿದೆವು. ತೆವಳಿಕೆಯ ಒಂದು ಪಾಲು ಭಾರ ತೆಗೆದರೆ ನಿಧಾನವಾಗಿ ಹಿಂದಿರುಗುವುದುಂಟು. ವಾರ ಕಳೆದು ಮತ್ತೆ ಶ್ರುತಿ ಮಾಡಿ ನೋಡಿದಾಗ ಸಂದಿನಲ್ಲಿ ಮೂರು ಚೀಟಿಗಳು ಹಿಡಿದುವು, ನಾಲ್ಕನೆಯದು ಹೋಗಲಿಲ್ಲ. ಅನಂತರ, ತಂತಿಗಳನ್ನು ಇಳಿಸಿ, ನಟ್ಟನ್ನು ಕಾಲು ಸುತ್ತು ಮಾತ್ರ ಬಿಗಿದು, ತಂತಿಗಳನ್ನು ಏರಿಸಿ, ಒಂದು ದಿನ ಕಾದು ಅಳೆಯುವುದು. ಹೀಗೆ ಮೂರು ಸಲ ಮಾಡಿದೆವು. ಅವಸರಪಟ್ಟು ಒಮ್ಮೆಗೇ ತಿರುಗಿಸಿದರೆ ಸರಳು ಕಿತ್ತುಬರಬಹುದು, ಮರ ಸೀಳಬಹುದು. ಮೂರನೆಯ ಸಲದ ಮರುದಿನ ಒಂದು ಚೀಟಿ ಸರಾಗವಾಗಿ ಹೋಯಿತು, ಎರಡನೆಯದು ಸಿಕ್ಕಿಕೊಂಡಿತು.

ಈಗ ಅವನು ಗಿಟಾರನ್ನು ಅಟ್ಟದಿಂದಿಳಿಸಿ, ಹೊರಗೋಡೆಗೆ ತಾಗದಂತೆ, ಪೆಟ್ಟಿಗೆಯಲ್ಲಿ ಇಡುತ್ತಾನೆ. ವಾರಗಟ್ಟಲೆ ಊರಿಗೆ ಹೋಗುವಾಗ ತಂತಿಗಳನ್ನು ಒಂದೆರಡು ಸ್ವರ ಇಳಿಸುತ್ತಾನೆ. ಪ್ರಯೋಗಶಾಲೆಯ ಒದ್ದೆಬಟ್ಟೆಯ ಉಷ್ಣಮಾಪಕದಿಂದ ಆರ್ದ್ರತೆಯನ್ನು ತೆಗೆದು, ಏಳನೆಯ ಮೆಟ್ಟಿಲಿನ ಸಂದನ್ನೂ ಅಳೆದು, ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾನೆ. ಮಾರ್ಚಿ ತಿಂಗಳ ಪುಟದಲ್ಲಿ ನಟ್ಟನ್ನು ಎಂಟನೆಯ ಒಂದು ಸುತ್ತು ತಿರುಗಿಸಿದ ದಾಖಲೆಯೂ, ಅದರ ಕೆಳಗೆ “ಮೆಟ್ಟಿಲಿನ ತುದಿಗಳು ಕೈಗೆ ಚುಚ್ಚುತ್ತಿವೆ” ಎಂಬ ಒಂದು ಸಾಲೂ ಇವೆ.